ಹದಿನಾರಕ್ಕೆ ಗೆದ್ದ ಮೇಲೆ

(ಬಸವನಗುಡಿಯಲ್ಲಿ ಒಂದು ಭಾನುವಾರ ಬೆಳಗ್ಗೆ, ಹಾಡು ಕಲಿಯುವ ಮಕ್ಕಳು ಮತ್ತು ಅವರ ಪೋಷಕರ ಮುಂದೆ ಆಡಿದ ಮಾತು ಇದು. ನಡುನಡುವೆ ಹಾಡು ಕೇಳಿಸಿದ್ದೆ, ಅವು ಇಲ್ಲಿ ಬರುವಂತಿಲ್ಲ. ಉಳಿದದ್ದನ್ನು ಸ್ವಲ್ಪ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹಿಂದೆ ಗೋಡೆಗೆ ಒರಗಿ ನಿಂತಿರುವವರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ. ಮೊದಲನೇ ಸಾಲು ಅಂದರೆ ನಮ್ಮೂರಿನಲ್ಲಿ ಯಾಕೋ ಎಲ್ಲರಿಗೂ ಹಿಂಜರಿಕೆ.

ಇವತ್ತು ನಾನು ಮಾತಾಡುವುದು ಅಮೆರಿಕದ ಹಾಡುಗಾರ್ತಿ ಜಾನಿಸ್ ಇಯಾನ್ ಬಗ್ಗೆ. ಹೆಸರು ಕೇಳಿದವರು ಎಷ್ಟು ಜನ? ಸರಿ, ಮೂರ್ನಾಲ್ಕು ಕೈ ಕಾಣಿಸುತ್ತಿವೆ. ಎಲ್ಲರದ್ದೂ ನರೆತ ಕೂದಲು. ಮಕ್ಕಳೆಲ್ಲ ಬಿಲ್ಲಿ ಐಲಿಶ್, ಟೇಲರ್ ಸ್ವಿಫ್ಟ್ ಬಗ್ಗೆ ಹೇಳುತ್ತಾರೆ ಅಂದುಕೊಂಡು ಬಂದಿರಬಹುದು. ಅವರೂ ಹದಿಹರೆಯದಲ್ಲೇ ತಮ್ಮ ಹಾಡು ತಾವೇ ಬರೆದು ಗೆದ್ದವರು, ನಿಜ. ಆದರೆ ಅವರ ಕಥೆ ಇನ್ನೂ ಅರ್ಧ ದಾರಿಯಲ್ಲಿದೆ. ಜಾನಿಸ್ ಅವರದ್ದು ಅರವತ್ತು ವರ್ಷದ ಲೆಕ್ಕ. ಏನು ಬಂತು, ಏನು ಕೈಬಿಟ್ಟು ಹೋಯಿತು, ಕೊನೆಗೆ ಏನು ಉಳಿಯಿತು ಅಂತ ಪೂರ್ತಿ ನೋಡಬಹುದು. ಅದಕ್ಕೇ ಇವರನ್ನು ಆರಿಸಿಕೊಂಡೆ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಜಾನಿಸ್ ಹದಿನಾರಕ್ಕೆ ಗೆದ್ದರು. ಆಮೇಲೆ ಎರಡು ಸಲ ಜೋರಾಗಿ ಬಿದ್ದರು. ಎರಡೂ ಸಲ ಅವರನ್ನು ಎತ್ತಿದ್ದು ಅವರು ಬರೆದ ಹಾಡುಗಳು. ಅದೂ ಬೇರೆಯವರ ಬಾಯಲ್ಲಿ. ನಮ್ಮ ಊರಿನ ಭಾಷೆಯಲ್ಲಿ ಹೇಳಬೇಕು ಅಂದರೆ, ಕಂಠ ಬಾಡಿಗೆ ಮನೆ, ಬರೆದ ಹಾಡು ಸ್ವಂತ ಸೈಟು. ಖಾತೆ ಸರಿಯಾಗಿ ಮಾಡಿಸಿಕೊಂಡಿದ್ದರೆ ಮಾತ್ರ, ಅದು ಬೇರೆ ವಿಷಯ. ಖಾತೆ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಜಾನಿಸ್ ಹುಟ್ಟಿದ್ದು 1951ರ ಏಪ್ರಿಲ್ 7ರಂದು, ನ್ಯೂಯಾರ್ಕ್ ನಗರದಲ್ಲಿ. ಬೆಳೆದದ್ದು ಪಕ್ಕದ ನ್ಯೂಜೆರ್ಸಿಯಲ್ಲಿ. ಅಪ್ಪ ಮೊದಲು ಕೋಳಿ ಸಾಕುತ್ತಿದ್ದರು, ಆಮೇಲೆ ಸಂಗೀತದ ಮೇಷ್ಟ್ರಾದರು. ಎಡಪಂಥದ ಕಡೆ ವಾಲಿದ ಮನೆ. ಹಾಗಾಗಿ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನವರ ಒಂದು ಕಣ್ಣು ಯಾವಾಗಲೂ ಆ ಮನೆಯ ಮೇಲಿತ್ತು. ಹುಡುಗಿ ತೀರ ಚಿಕ್ಕವಳಿದ್ದಾಗಲೇ ಪಿಯಾನೊ ಮುಂದೆ ಕೂತಳು, ಆಮೇಲೆ ಗಿಟಾರ್ ಹಿಡಿದಳು. 12ನೇ ವಯಸ್ಸಿಗೆ ಮೊದಲ ಹಾಡು ಬರೆದಳು. ಅದು 'ಬ್ರಾಡ್‌ಸೈಡ್' ಎನ್ನುವ ಫೋಕ್ ಹಾಡುಗಳ ಪತ್ರಿಕೆಯಲ್ಲಿ ಅಚ್ಚಾಯಿತು. ಮನೆತನದ ಹೆಸರು ಫಿಂಕ್. ಅದನ್ನು ಬಿಟ್ಟು ತಮ್ಮನ ಹೆಸರಿನ ನಡುವೆ ಇದ್ದ ಇಯಾನ್ ಅನ್ನು ತನ್ನದು ಮಾಡಿಕೊಂಡಳು.

ಬಾಲಪ್ರತಿಭೆ ನಮಗೇನೂ ಹೊಸದಲ್ಲ. ಚಾಮರಾಜಪೇಟೆಯ ರಾಮನವಮಿ ಪೆಂಡಾಲಿನಲ್ಲಿ, ಗಾಯನ ಸಮಾಜದಲ್ಲಿ, ಲಂಗ ದಾವಣಿ ಹಾಕಿದ ಮಕ್ಕಳು ಕೂತು ಕಷ್ಟದ ವರ್ಣ ಹಾಡುವುದನ್ನು ನೀವೆಲ್ಲ ಕೇಳಿದ್ದೀರಿ. ಟಿವಿ ಶೋಗಳಲ್ಲಿ ಎಂಟು ವರ್ಷದ ಮಗು ಹಳೇ ಸಿನಿಮಾ ಹಾಡು ಹಾಡಿ ಜಡ್ಜ್‌ಗಳ ಕಣ್ಣಲ್ಲಿ ನೀರು ತರಿಸುತ್ತದೆ. ಆದರೆ ಅಲ್ಲೆಲ್ಲ ಮಗು ಹಾಡುವುದು ದೊಡ್ಡವರು ಮಾಡಿಟ್ಟದ್ದನ್ನು. ಸಾಹಿತ್ಯ ಒಬ್ಬರದ್ದು, ಟ್ಯೂನ್ ಇನ್ನೊಬ್ಬರದ್ದು. ನಮ್ಮ ಭಾವಗೀತೆಯೂ ಹಾಗೇ ಬೆಳೆಯಿತು. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಅಶ್ವತ್ಥ್ ಕವಿಗಳ ಪದ್ಯಕ್ಕೆ ದನಿ ಕೊಟ್ಟರು, ಎಂಥಾ ದನಿ! ತಾನೇ ಬರೆದು, ತಾನೇ ರಾಗ ಕಟ್ಟಿ, ತಾನೇ ಹಾಡುವವರು ಬೇಕೆಂದರೆ ನಾವು ದಾಸರ ಕಾಲಕ್ಕೆ ಹೋಗುತ್ತೇವೆ. ಹದಿಮೂರು ವರ್ಷದ ಹುಡುಗಿ ಆ ಮೂರೂ ಕೆಲಸ ಮಾಡಿದರೆ ಮನೆಯವರಿಗೆ ಅದನ್ನು ಎಲ್ಲಿ ಇಡಬೇಕು ಅಂತಲೇ ಗೊತ್ತಾಗುವುದಿಲ್ಲ. "ಮೊದಲು ಸರಳೆ ಸರಿಯಾಗಿ ಹಾಡು" ಅನ್ನುತ್ತಾರೆ. ಸರಳೆ ಹಾಡಬೇಕು, ಅದರಲ್ಲಿ ತಕರಾರಿಲ್ಲ. ಜೊತೆಗೆ ನೋಟ್‌ಬುಕ್ಕೂ ಇರಲಿ ಅಂತ ನನ್ನ ಕೋರಿಕೆ.

ಈಗ ಆ ಮೊದಲ ದೊಡ್ಡ ಹಾಡಿಗೆ ಬರೋಣ. 'ಸೊಸೈಟೀಸ್ ಚೈಲ್ಡ್'. ಬರೆದಾಗ ವಯಸ್ಸು ಹದಿಮೂರು-ಹದಿನಾಲ್ಕು. ಹುಡುಗಿ ಓದುತ್ತಿದ್ದ ಊರಿನಲ್ಲಿ ಕಪ್ಪು ಜನರೇ ಜಾಸ್ತಿ. ಬಸ್ಸಿನಲ್ಲಿ ಒಂದು ಜೋಡಿ ಕಾಣಿಸಿತು, ಒಬ್ಬರು ಕಪ್ಪು, ಒಬ್ಬರು ಬಿಳಿ. ಸುತ್ತ ಇದ್ದವರು ಅವರನ್ನು ನೋಡುವ ರೀತಿಯೂ ಕಾಣಿಸಿತು. ಅಲ್ಲಿಂದ ಹಾಡು ಹುಟ್ಟಿತು. ಬಿಳಿ ಹುಡುಗಿಯ ಮನೆಗೆ ಕಪ್ಪು ಹುಡುಗ ಬರುತ್ತಾನೆ. ಅಮ್ಮ ಬಾಗಿಲಿನಿಂದಲೇ ಕಳಿಸುತ್ತಾಳೆ. ಶಾಲೆಯಲ್ಲಿ ಮೇಷ್ಟ್ರುಗಳು ನಗುತ್ತಾರೆ. ಕೊನೆಗೆ ಹುಡುಗಿ ಏನು ಮಾಡುತ್ತಾಳೆ? ಎದುರು ನಿಲ್ಲುತ್ತಾಳಾ? ಇಲ್ಲ. ನಿನ್ನನ್ನು ಇನ್ನು ನೋಡುವುದಿಲ್ಲ ಅಂತ ಅವನಿಗೇ ಹೇಳಿಬಿಡುತ್ತಾಳೆ.

ನನಗೆ ಈ ಹಾಡಿನಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಆ ಕೊನೆ. ಹದಿಮೂರು ವರ್ಷದವರು ಸಾಮಾನ್ಯವಾಗಿ ತಮ್ಮನ್ನೇ ಹೀರೋಯಿನ್ ಮಾಡಿಕೊಂಡು ಬರೆಯುತ್ತಾರೆ. ಈ ಹುಡುಗಿ ಸೋಲುವವಳನ್ನು ಬರೆದಳು. ಸೋತು, ಅದಕ್ಕೊಂದು ಸಬೂಬು ಹುಡುಕುವವಳನ್ನು. ಆ ಸಬೂಬು ನಮಗೆಲ್ಲ ಪರಿಚಯದ್ದೇ. ನಮ್ಮಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣ ತೆಗೆದು ಆ ಜಾಗದಲ್ಲಿ ಜಾತಿ ಇಟ್ಟರೆ ಅದೇ ಬಾಗಿಲು, ಅದೇ ಅಮ್ಮ, ಅದೇ "ಜನ ಏನಂತಾರೆ".

ಈ ಹಾಡು ರೆಕಾರ್ಡ್ ಆದ ಕಥೆಯೂ ಚೆನ್ನಾಗಿದೆ. ಜಾರ್ಜ್ ಮಾರ್ಟನ್ ಅಂತ ಒಬ್ಬ ನಿರ್ಮಾಪಕ. ಬೇಕಾದಾಗ ಕೈಗೆ ಸಿಗದ ಮನುಷ್ಯ, ಅದಕ್ಕೇ ಎಲ್ಲರೂ 'ಶ್ಯಾಡೋ' ಅನ್ನುತ್ತಿದ್ದರು. ಹುಡುಗಿ ಆತನ ಆಫೀಸಿಗೆ ಹೋಗಿ ಹಾಡಿದಳು. ಆತ ಮೇಜಿನ ಮೇಲೆ ಕಾಲು ಚಾಚಿಕೊಂಡು ಪೇಪರ್ ಓದುತ್ತಾ ಕೂತಿದ್ದ. ಪೇಪರ್ ಕೆಳಗೆ ಇಳಿಯಲೇ ಇಲ್ಲ. ಜಾನಿಸ್ ಅವರೇ ಹೇಳಿಕೊಳ್ಳುವ ಪ್ರಕಾರ, ಅವಳು ಲೈಟರ್ ತೆಗೆದು ಆ ಪೇಪರಿಗೇ ಬೆಂಕಿ ಹಚ್ಚಿ ಎದ್ದು ಹೊರಟಳು. ಆಗ ಆತ ಕರೆದು ಇನ್ನೊಮ್ಮೆ ಹಾಡು ಅಂದ. (ಇಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು. ಪೋಷಕರು ತಟ್ಟಲಿಲ್ಲ.)

ರೆಕಾರ್ಡಿಂಗ್ ಸಮಯದಲ್ಲಿ ಮಾರ್ಟನ್ ಒಂದು ಮಾತು ಹೇಳಿದರಂತೆ. ಸಾಹಿತ್ಯದಲ್ಲಿ 'ಕಪ್ಪು' ಅನ್ನುವ ಒಂದೇ ಒಂದು ಪದ ಬದಲಾಯಿಸು, ನಂಬರ್ ಒನ್ ಮಾಡಿಸುವುದು ನನ್ನ ಜವಾಬ್ದಾರಿ ಅಂತ. ಹುಡುಗಿ ಆಗುವುದಿಲ್ಲ ಅಂದಳು. ಮಾರ್ಟನ್‌ಗೂ ಒಂದು ಮೆಚ್ಚುಗೆ ಸಲ್ಲಬೇಕು. ಒತ್ತಾಯ ಮಾಡಲಿಲ್ಲ, ಹಾಡನ್ನು ಹಾಗೇ ಮುಗಿಸಿಕೊಟ್ಟರು. ರೆಕಾರ್ಡಿಂಗ್ ಖರ್ಚು ಕೊಟ್ಟಿದ್ದು ಅಟ್ಲಾಂಟಿಕ್ ಕಂಪನಿ. ಹಾಡು ಕೇಳಿದ ಮೇಲೆ ಟೇಪನ್ನು ಸುಮ್ನೆ ವಾಪಸ್ ಕೊಟ್ಟಿತು, ನಮಗೆ ಬೇಡ ಅಂತ. ಆಮೇಲೆ 22 ಕಂಪನಿಗಳು ಬೇಡ ಅಂದವು ಅನ್ನುತ್ತಾರೆ. ಕೊನೆಗೆ 1966ರಲ್ಲಿ ವರ್ವ್ ಕಂಪನಿ ಬಿಡುಗಡೆ ಮಾಡಿತು. ರೇಡಿಯೊದವರು ಮುಟ್ಟಲಿಲ್ಲ.

ಹಾಡು ಎದ್ದದ್ದು ಲಿಯೊನಾರ್ಡ್ ಬರ್ನ್‌ಸ್ಟೈನ್ ಅವರಿಂದ. ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ಎನ್ನುವ ವಾದ್ಯವೃಂದ ನಡೆಸುತ್ತಿದ್ದ ದೊಡ್ಡ ಮನುಷ್ಯ, ಶಾಸ್ತ್ರೀಯ ಸಂಗೀತದವರು. 1967ರ ಏಪ್ರಿಲ್‌ನಲ್ಲಿ ಸಿಬಿಎಸ್ ಟಿವಿಯಲ್ಲಿ ಹೊಸ ಪಾಪ್ ಸಂಗೀತದ ಬಗ್ಗೆ ಒಂದು ಕಾರ್ಯಕ್ರಮ ಮಾಡಿದರು. ಅದರಲ್ಲಿ ಈ ಹುಡುಗಿಯನ್ನು ಕೂರಿಸಿ ಹಾಡಿಸಿದರು. ಹಾಡನ್ನು ಬಿಡಿಸಿ ವಿವರಿಸಿದರು, ಹೊಗಳಿದರು. ಬರ್ನ್‌ಸ್ಟೈನ್ ಹೇಳಿದ ಮೇಲೆ ರೇಡಿಯೊದವರಿಗೂ ಧೈರ್ಯ ಬಂತು. ಜುಲೈ ಹೊತ್ತಿಗೆ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 14ನೇ ಸ್ಥಾನಕ್ಕೆ ಏರಿತು. ಆ ತಾರೀಖುಗಳನ್ನು ಗಮನಿಸಿ. ಅದಕ್ಕೆ ಕೆಲವೇ ವಾರ ಮೊದಲು, 1967ರ ಜೂನ್ 12ರಂದು, ಅಲ್ಲಿನ ಸುಪ್ರೀಂ ಕೋರ್ಟ್ ಲವಿಂಗ್ ದಂಪತಿಯ ಕೇಸಿನಲ್ಲಿ ತೀರ್ಪು ಕೊಟ್ಟಿತ್ತು. ಅಲ್ಲಿಯವರೆಗೆ 16 ರಾಜ್ಯಗಳಲ್ಲಿ ಕಪ್ಪು-ಬಿಳಿ ಮದುವೆಗೆ ಕಾನೂನಿನಲ್ಲೇ ಅವಕಾಶ ಇರಲಿಲ್ಲ.

ಹೊಗಳಿಕೆಯ ಜೊತೆ ಬಂದದ್ದನ್ನೂ ಹೇಳಬೇಕು. ಬೆದರಿಕೆ ಪತ್ರಗಳು ಬಂದವು. ಬೀದಿಯಲ್ಲಿ ಉಗಿದವರಿದ್ದರು. ಅಟ್ಲಾಂಟಾದಲ್ಲಿ ಈ ಹಾಡು ಹಾಕಿದ ಒಂದು ರೇಡಿಯೊ ಕೇಂದ್ರಕ್ಕೆ ಬೆಂಕಿ ಇಟ್ಟರು ಅಂತ ಜಾನಿಸ್ ಹೇಳುತ್ತಾ ಬಂದಿದ್ದಾರೆ. ಕ್ಯಾಲಿಫೋರ್ನಿಯಾದ ಎನ್ಸಿನೊ ಎಂಬಲ್ಲಿ ಕಛೇರಿ. ಹಾಡು ಶುರು ಆಗುತ್ತಿದ್ದಂತೆ ಒಂದು ಗುಂಪು ಕೆಟ್ಟ ಬೈಗುಳ ಕೂಗಲು ಶುರು ಮಾಡಿತು. ಒಂದೇ ಬೈಗುಳ, ಎಲ್ಲರೂ ಒಟ್ಟಿಗೆ, ಭಜನೆಯ ಹಾಗೆ. ಹುಡುಗಿ ವೇದಿಕೆ ಬಿಟ್ಟು ಓಡಿ ಬಾತ್‌ರೂಮಿನಲ್ಲಿ ಅಳುತ್ತಾ ಕೂತಳು. ಕಛೇರಿ ಏರ್ಪಡಿಸಿದವರು ಬಂದು ವಾಪಸ್ ಹೋಗಿ ಹಾಡಬೇಕು ಅಂದರು. ಹೋದಳು. ಮತ್ತೆ ಮೊದಲಿನಿಂದ ಹಾಡಿದಳು. ಕೂಗಿದರು. ನಿಲ್ಲಿಸಲಿಲ್ಲ. ಸಭಾಂಗಣದ ಸಿಬ್ಬಂದಿ ಟಾರ್ಚ್ ಹಿಡಿದು ಕೂಗುವವರ ಮುಖಕ್ಕೆ ಬೆಳಕು ಬಿಟ್ಟರು. ಕತ್ತಲೆ ಹೋದ ಮೇಲೆ ಬಾಯಿ ಮುಚ್ಚಿತು. ಇವತ್ತು ಕಾಮೆಂಟುಗಳಲ್ಲಿ ಬೈಯುವವರನ್ನು ನೋಡಿದಾಗ ನನಗೆ ಆ ಟಾರ್ಚ್ ನೆನಪಾಗುತ್ತದೆ.

ಓದು ಅರ್ಧಕ್ಕೆ ನಿಂತಿತು. ಮುಂದಿನ ಆಲ್ಬಮ್‌ಗಳು ಮೊದಲನೆಯದರಷ್ಟು ಓಡಲಿಲ್ಲ. ಹದಿನೆಂಟು ವಯಸ್ಸಿಗೆಲ್ಲ "ಅಯ್ಯೋ, ಆ ಹುಡುಗಿ ಇನ್ನೂ ಇದ್ದಾಳಾ" ಅನ್ನುವ ಹಾಗೆ ಆಯಿತು. ಸಂಗೀತ ಬಿಟ್ಟು ಫಿಲಡೆಲ್ಫಿಯಾಕ್ಕೆ ಹೋದಳು. ಇದು ಮೊದಲನೇ ಬೀಳು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಟಿವಿ ಶೋಗಳಲ್ಲಿ ಫೈನಲ್‌ವರೆಗೂ ಬಂದ ಮಕ್ಕಳು ಹತ್ತು ವರ್ಷದ ಮೇಲೆ ಎಲ್ಲಿದ್ದಾರೆ ಅಂತ ಹುಡುಕಿದರೆ ಹೀಗೇ ಕಥೆಗಳು ಸಿಗುತ್ತವೆ. ಕೆಲವರು ಚೆನ್ನಾಗಿ ಹಾಡಿಕೊಂಡಿದ್ದಾರೆ. ಕೆಲವರು ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ, ಕೆಲವರು ಸಾಫ್ಟ್‌ವೇರ್ ಕಂಪನಿಯಲ್ಲಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೆ ಧ್ವನಿ ಒಡೆದ ಹುಡುಗನಿಗೆ, ಮುಖ ಹಳತಾದ ಹುಡುಗಿಗೆ, ಯಾರೂ ಕರೆಯದ ಆ ಐದಾರು ವರ್ಷ ಕೈಯಲ್ಲಿ ಏನಿರುತ್ತದೆ? ಜಾನಿಸ್ ಕೈಯಲ್ಲಿ ಪೆನ್ನು ಇತ್ತು. ಬರೆಯುತ್ತಾ ಹೋದರು. 'ಜೆಸ್ಸಿ' ಅಂತ ಒಂದು ಹಾಡು ಬರೆದರು, ಬಿಟ್ಟುಹೋದವರಿಗೆ ಮನೆಗೆ ಬಾ ಅಂತ ಕರೆಯುವ ಹಾಡು. 1973ರಲ್ಲಿ ಅದನ್ನು ರಾಬರ್ಟಾ ಫ್ಲ್ಯಾಕ್ ಹಾಡಿದರು. ಅಮೆರಿಕದಲ್ಲಿ ಟಾಪ್ 30ರೊಳಗೆ ಬಂತು. ಜಾನಿಸ್ ಅವರ ಮುಖ ಯಾರಿಗೂ ಬೇಡವಾಗಿದ್ದಾಗ ಅವರ ಹಾಡು ಬೇಕಾಯಿತು. ಕಂಪನಿಗಳು ಮತ್ತೆ ಫೋನ್ ಮಾಡಿದವು. 1974ರಲ್ಲಿ 'ಸ್ಟಾರ್ಸ್' ಆಲ್ಬಮ್ ಬಂತು. ಹೆಸರು ಬಂದು ಹೋದವರ ಬಗ್ಗೆಯೇ ಅದರ ಮುಖ್ಯ ಹಾಡು. ನೀನಾ ಸಿಮೋನ್ 1976ರಲ್ಲಿ ಸ್ವಿಟ್ಜರ್ಲೆಂಡ್‌ನ ಮಾಂಟ್ರೂ ಉತ್ಸವದಲ್ಲಿ ಅದನ್ನು ಹಾಡಿದ ವಿಡಿಯೊ ಇದೆ, ಮನೆಗೆ ಹೋಗಿ ನೋಡಿ. ಅದನ್ನು ಇಲ್ಲಿ ಹಾಕಿದರೆ ನನ್ನ ಮಾತು ಯಾರೂ ಕೇಳುವುದಿಲ್ಲ.

1975. 'ಅಟ್ ಸೆವೆಂಟೀನ್'. ಈಗ ಕೇಳಿದಿರಲ್ಲ, ಇದೇ ಅದು. ಅಮ್ಮನ ಮನೆಯಲ್ಲಿ ಟೇಬಲ್ ಮುಂದೆ ಕೂತು ಗಿಟಾರ್‌ನಲ್ಲಿ ಒಂದು ಸಣ್ಣ ಸಾಂಬಾ ತುಣುಕು ನುಡಿಸುತ್ತಾ ಪೇಪರ್ ಓದುತ್ತಿದ್ದರು. ಈ ಸಲ ಪೇಪರಿಗೆ ಬೆಂಕಿ ಹಚ್ಚಲಿಲ್ಲ. ಶ್ರೀಮಂತ ಮನೆಯ ಹುಡುಗಿಯೊಬ್ಬಳ ಬಗ್ಗೆ ಲೇಖನ. ಸಮಾಜಕ್ಕೆ ಪರಿಚಯ ಮಾಡಿಸುವ ಪಾರ್ಟಿ, ಗೌನು, ಎಲ್ಲ ಆದ ಮೇಲೂ ಏನೂ ಬದಲಾಗಲಿಲ್ಲ, ನಿಜ ಏನು ಅಂತ ಹದಿನೆಂಟಕ್ಕೆ ತಿಳಿಯಿತು ಅಂತ ಆಕೆ ಹೇಳಿಕೊಂಡಿದ್ದಳು. ಆ ಸಾಲು ಹಿಡಿಯಿತು. ಆದರೆ ಹದಿನೆಂಟು ತಾಳಕ್ಕೆ ಕೂರಲಿಲ್ಲ. ಹದಿನೇಳು ಕೂತಿತು. ಹತ್ತು ವರ್ಷ ಮೊದಲು ಮಾರಾಟಕ್ಕಾಗಿ ಒಂದು ಪದ ಬದಲಾಯಿಸು ಅಂದರೆ ಆಗುವುದಿಲ್ಲ ಅಂದಿದ್ದವರು, ತಾಳಕ್ಕಾಗಿ ಎರಡನೇ ಯೋಚನೆ ಇಲ್ಲದೆ ಬದಲಾಯಿಸಿದರು. ಹಾಡು ಬರೆಯುವ ಮಕ್ಕಳು ಯಾವುದಕ್ಕೆ ಬಗ್ಗಬೇಕು, ಯಾವುದಕ್ಕೆ ಬಗ್ಗಬಾರದು ಅಂತ ಕೇಳುತ್ತಿರುತ್ತಾರೆ. ನನ್ನ ಉತ್ತರ ಇವೆರಡು ಪದಗಳಲ್ಲಿದೆ.

ಹಾಡು ಒಂದೇ ಕೂತಲ್ಲಿ ಬರಲಿಲ್ಲ. ತಿಂಗಳುಗಟ್ಟಲೆ ಹಿಡಿಯಿತು. ಚೆಂದ ಇಲ್ಲದ ಹುಡುಗಿ, ಆಟಕ್ಕೆ ಟೀಮ್ ಮಾಡುವಾಗ ಕೊನೆಯವರೆಗೂ ಯಾರೂ ಕರೆಯದವಳು, ಶುಕ್ರವಾರ ಸಂಜೆ ಮನೆಯಲ್ಲಿ ಕೂತು ಯಾರೋ ಫೋನ್ ಮಾಡಿದ ಹಾಗೆ ಕಲ್ಪಿಸಿಕೊಳ್ಳುವವಳು. ಇದನ್ನೆಲ್ಲ ಜನರ ಮುಂದೆ ಹೇಳುವುದು ಸುಲಭ ಅಲ್ಲ. ಶುರುವಿನಲ್ಲಿ ವೇದಿಕೆಯಲ್ಲಿ ಕಣ್ಣು ಮುಚ್ಚಿಕೊಂಡೇ ಹಾಡುತ್ತಿದ್ದರಂತೆ, ಎದುರಿಗೆ ಕೂತವರು ನಗುತ್ತಿರುತ್ತಾರೆ ಅನ್ನುವ ಭಯಕ್ಕೆ. ಕಣ್ಣು ಬಿಟ್ಟು ನೋಡಿದರೆ ಜನ ಅಳುತ್ತಿದ್ದರು.

ಮತ್ತೆ ಗಮನಿಸಿ, ಎಲ್ಲೂ ಕೂಗಾಟ ಇಲ್ಲ. ಮೆತ್ತಗಿನ ಗಿಟಾರ್, ಬ್ರೆಜಿಲ್ ಕಡೆಯ ನಡೆ. ಮಾತು ಕಹಿ, ನಡೆ ತೂಗುಯ್ಯಾಲೆ. ಇದೇ ಸಾಹಿತ್ಯವನ್ನು ಪಿಟೀಲು ತುಂಬಿಸಿ ಅಳುಮುಂಜಿ ಹಾಡು ಮಾಡಬಹುದಿತ್ತು. ನಮ್ಮ ಸಿನಿಮಾದವರ ಕೈಗೆ ಸಿಕ್ಕಿದ್ದರೆ ಖಂಡಿತ ಮಾಡುತ್ತಿದ್ದರು.

ಹಾಡು ಬಿಲ್‌ಬೋರ್ಡ್‌ನಲ್ಲಿ 3ನೇ ಸ್ಥಾನಕ್ಕೆ ಹೋಯಿತು, 'ಬಿಟ್ವೀನ್ ದಿ ಲೈನ್ಸ್' ಆಲ್ಬಮ್ ಮೊದಲ ಸ್ಥಾನಕ್ಕೆ. ಗ್ರ್ಯಾಮಿ ಬಂತು. ಅಮೆರಿಕದ ಸ್ಯಾಟರ್ಡೇ ನೈಟ್ ಲೈವ್ ಶೋ ಶುರು ಆದದ್ದು 1975ರ ಅಕ್ಟೋಬರ್ 11ರಂದು. ಅದರ ಮೊಟ್ಟಮೊದಲ ಕಂತಿನಲ್ಲಿ ಹಾಡಿದವರಲ್ಲಿ ಜಾನಿಸ್ ಒಬ್ಬರು. ಪ್ರೇಮಿಗಳ ದಿನ ತನಗೆ ಯಾರೂ ಕಾರ್ಡು ಕಳಿಸಲಿಲ್ಲ ಅನ್ನುವ ಅರ್ಥದ ಸಾಲು ಹಾಡಿನಲ್ಲಿದೆ. ಅದಕ್ಕೆ 1977ರ ಪ್ರೇಮಿಗಳ ದಿನ ಕೇಳುಗರು 461 ಕಾರ್ಡು ಕಳಿಸಿದರು. ಜಪಾನಿನಲ್ಲಂತೂ ಇವರನ್ನು ತಲೆ ಮೇಲೆ ಹೊತ್ತು ಮೆರೆಸಿದರು. ಅಲ್ಲಿ 1976ರಲ್ಲಿ ಇವರ ಇಂಗ್ಲಿಷ್ ಹಾಡು ತಿಂಗಳುಗಟ್ಟಲೆ ಮೊದಲ ಸ್ಥಾನದಲ್ಲಿತ್ತು.

ಎಂಬತ್ತರ ದಶಕ ಬೇಗ ಹೇಳಿ ಮುಗಿಸುತ್ತೇನೆ, ಅದು ಅವರಿಗೂ ಬೇಗ ಮುಗಿದಿದ್ದರೆ ಚೆನ್ನಾಗಿತ್ತು. ಮದುವೆ ಹಿಂಸೆಯಲ್ಲಿ ಮುಗಿಯಿತು. 1981ರ ಆಲ್ಬಮ್ ಆದ ಮೇಲೆ ಹನ್ನೊಂದು-ಹನ್ನೆರಡು ವರ್ಷ ಹೊಸ ಆಲ್ಬಮ್ ಇಲ್ಲ. ಸ್ಟೆಲಾ ಆಡ್ಲರ್ ಹತ್ತಿರ ನಟನೆ ಕಲಿತರು. ಅಷ್ಟರಲ್ಲಿ ಒಂದು ಸತ್ಯ ಹೊರಬಿತ್ತು. ಇವರ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದವರು ವರ್ಷಗಟ್ಟಲೆ ತೆರಿಗೆ ಕಟ್ಟಿರಲೇ ಇಲ್ಲ. ತೆರಿಗೆ ಇಲಾಖೆ ಬಂತು, ಇದ್ದದ್ದೆಲ್ಲ ಹೋಯಿತು. 1988ರಲ್ಲಿ ಕೈಯಲ್ಲಿ ದುಡ್ಡಿಲ್ಲದೆ ನ್ಯಾಶ್‌ವಿಲ್‌ಗೆ ಬಂದರು.

ನ್ಯಾಶ್‌ವಿಲ್ ಯಾಕೆ? ಅದು ಹಾಡು ಬರೆಯುವವರ ಊರು. ಬೆಳಗ್ಗೆ ಹತ್ತು ಗಂಟೆಗೆ ಆಫೀಸಿಗೆ ಹೋದ ಹಾಗೆ ಹೋಗಿ, ಒಂದು ರೂಮಿನಲ್ಲಿ ಇಬ್ಬರು ಕೂತು ಹಾಡು ಬರೆಯುತ್ತಾರೆ. ಯಾರ ಮುಖವೂ ಪೋಸ್ಟರಿನಲ್ಲಿ ಇರಬೇಕಾಗಿಲ್ಲ. ಅಲ್ಲಿ ಜೊತೆ ಸೇರಿ ಬರೆದ ಒಂದು ಹಾಡನ್ನು ಬೆಟ್ಟಿ ಮಿಡ್ಲರ್ ತಮ್ಮ 1990ರ ಆಲ್ಬಮ್‌ಗೆ ತೆಗೆದುಕೊಂಡರು, ಆಲ್ಬಮ್‌ಗೆ ಆ ಹಾಡಿನ ಹೆಸರನ್ನೇ ಇಟ್ಟರು. ಇನ್ನೊಬ್ಬರ ಕಂಠ, ತಮ್ಮ ಪೆನ್ನು, ಎರಡನೇ ಸಲ. 1993ರಲ್ಲಿ ತಮ್ಮದೇ ಹೊಸ ಆಲ್ಬಮ್ ತಂದರು. ಆ ಹೊತ್ತಿಗೆ, ತಾವು ಪ್ರೀತಿಸುವುದು ಹೆಂಗಸನ್ನು ಅಂತ ಬಹಿರಂಗವಾಗಿ ಹೇಳಿದರು. 2003ರಲ್ಲಿ ಸಂಗಾತಿಯನ್ನು ಕೆನಡಾದ ಟೊರಾಂಟೊದಲ್ಲಿ ಮದುವೆಯಾದರು. ಅಮೆರಿಕದಲ್ಲಿ ಅವರಿದ್ದ ರಾಜ್ಯ ಆಗ ಅಂಥ ಮದುವೆಯನ್ನು ಒಪ್ಪುತ್ತಿರಲಿಲ್ಲ. ಯಾರು ಯಾರನ್ನು ಮದುವೆಯಾಗಬಹುದು ಅಂತ ಹದಿಮೂರಕ್ಕೆ ಬರೆದವರು, ಐವತ್ತು ದಾಟಿದ ಮೇಲೂ ಅದೇ ಪ್ರಶ್ನೆಯ ಎದುರು ನಿಲ್ಲಬೇಕಾಯಿತು ನೋಡಿ.

ಖಾತೆ ವಿಚಾರ ಹೇಳುತ್ತೇನೆ ಅಂದಿದ್ದೆ. 2002ರಲ್ಲಿ ಜಾನಿಸ್ ಒಂದು ಲೇಖನ ಬರೆದರು. ಆಗ ಅಮೆರಿಕದ ರೆಕಾರ್ಡ್ ಕಂಪನಿಗಳು ಇಂಟರ್ನೆಟ್‌ನಲ್ಲಿ ಹಾಡು ಇಳಿಸಿಕೊಳ್ಳುವವರನ್ನೆಲ್ಲ ಕಳ್ಳರು ಅನ್ನುತ್ತಿದ್ದವು, ಕಲಾವಿದರ ಹೆಸರಿನಲ್ಲಿ. ಜಾನಿಸ್ ತಿರುಗಿಬಿದ್ದರು. 37 ವರ್ಷ ರೆಕಾರ್ಡ್ ಮಾಡಿದ್ದೇನೆ, 25ಕ್ಕೂ ಹೆಚ್ಚು ಆಲ್ಬಮ್, ಆದರೆ ಕಂಪನಿಗೆ ನಾನೇ ಬಾಕಿ ಅಂತ ತೋರಿಸದ ಒಂದು ರಾಯಲ್ಟಿ ಲೆಕ್ಕವೂ ನನಗೆ ಬಂದಿಲ್ಲ ಅಂದರು. ರೆಕಾರ್ಡಿಂಗ್ ಖರ್ಚು, ಪ್ರಚಾರದ ಖರ್ಚು ಎಲ್ಲ ಕಲಾವಿದರ ತಲೆಗೇ ಹಾಕಿದರೆ ಲೆಕ್ಕ ಹಾಗೇ ಬರುತ್ತದೆ. ತಮ್ಮ ಹಾಡು ತಾವೇ ಉಚಿತವಾಗಿ ಕೊಟ್ಟ ಮೇಲೆ ಸಿಡಿ ಮಾರಾಟ ಜಾಸ್ತಿ ಆಯಿತು ಅಂತಲೂ ಬರೆದರು. ಆಮೇಲೆ ಬಹುಪಾಲು ತಮ್ಮದೇ ಲೇಬಲ್‌ನಿಂದ ಹಾಡು ಬಿಟ್ಟರು.

ಈ ಹೊತ್ತಿಗೆ ಒಬ್ಬ ತಾಯಿ ಎದ್ದು ನಿಂತರು. "ಮೇಡಂ, ನಮ್ಮ ಮಗಳಿಗೆ ಹದಿನೈದು. ಎರಡು ಹಾಡು ಅವಳೇ ಬರೆದಿದ್ದಾಳೆ. ಯಾರೋ ಅಗ್ರಿಮೆಂಟ್ ಕಳಿಸಿದ್ದಾರೆ, ಸೈನ್ ಮಾಡೋದಾ?" ಪೇಪರ್ ಜೊತೆಯಲ್ಲೇ ಇತ್ತು. ಓದಿ ನೋಡಿದೆ. ಎಲ್ಲ ಹಕ್ಕು, ಎಲ್ಲ ಮಾಧ್ಯಮಗಳಲ್ಲಿ, ಇಡೀ ವಿಶ್ವದಲ್ಲಿ, ಶಾಶ್ವತವಾಗಿ. ವಿಶ್ವ ಅಂದರೆ ಭೂಮಿ ಮಾತ್ರ ಅಲ್ಲ, ಮಂಗಳ ಗ್ರಹದಲ್ಲಿ ರೇಡಿಯೊ ಶುರುವಾದರೂ ಅವರದ್ದೇ. ನಾನು ವಕೀಲೆ ಅಲ್ಲ, ಆದರೂ ಗೊತ್ತಿರುವಷ್ಟು ಹೇಳಿದೆ.

ಒಂದು, ನಮ್ಮಲ್ಲಿ ಹದಿನೆಂಟು ತುಂಬದವರು ಮಾಡಿಕೊಂಡ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. 1872ರ ಕಾಂಟ್ರ್ಯಾಕ್ಟ್ ಕಾಯ್ದೆ, ಬ್ರಿಟಿಷರ ಕಾಲದಲ್ಲಿ ನಮಗೆ ಕೊನೆಯ ಕೋರ್ಟ್ ಆಗಿದ್ದ ಪ್ರಿವಿ ಕೌನ್ಸಿಲ್‌ನ 1903ರ ತೀರ್ಪು, ಎರಡೂ ಅದನ್ನೇ ಹೇಳುತ್ತವೆ. ಅದಕ್ಕೇ ಸಹಿ ಅಪ್ಪ-ಅಮ್ಮನ ಹತ್ತಿರ ಕೇಳುತ್ತಾರೆ. ಅಂದರೆ ಓದಬೇಕಾದವರು ನೀವು. ಇನ್ನು, ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ತುಂಬ ಹೋರಾಡಿದರು. ಹಾಡು ಬರೆದವರು, ಟ್ಯೂನ್ ಮಾಡಿದವರು ತಮ್ಮ ರಾಯಲ್ಟಿ ಪಾಲಿನ ಹಕ್ಕನ್ನು ಕಂಪನಿಗೆ ಬರೆದುಕೊಟ್ಟರೂ ಅದು ನಿಲ್ಲುವುದಿಲ್ಲ. ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಮಾತ್ರ ಕೊಡಬಹುದು. ಒಪ್ಪಂದದಲ್ಲಿ ಎಷ್ಟು ಕಾಲ ಅಂತ ಬರೆಯದಿದ್ದರೆ ಐದು ವರ್ಷ ಅಂತ ಅರ್ಥ. ಯಾವ ಪ್ರದೇಶ ಅಂತ ಬರೆಯದಿದ್ದರೆ ಭಾರತ ಮಾತ್ರ. ಅದಕ್ಕೇ ಅವರು "ಶಾಶ್ವತ", "ವಿಶ್ವ" ಅಂತ ಅಷ್ಟು ಮುತುವರ್ಜಿಯಿಂದ ಬರೆಯುವುದು. ಆ ಎರಡು ಸಾಲು ಹೊಡೆದುಹಾಕಿ ವಾಪಸ್ ಕಳಿಸಿ, ಏನಂತಾರೆ ನೋಡೋಣ ಅಂದೆ. ಸಾಹಿತ್ಯ ಮತ್ತು ಟ್ಯೂನಿನ ರಾಯಲ್ಟಿ ಸಂಗ್ರಹಿಸಲು ಐಪಿಆರ್‌ಎಸ್ ಅನ್ನುವ ಸೊಸೈಟಿ 1969ರಿಂದ ಇದೆ. ಹಾಡುವವರ ಪಾಲಿಗೆ ಬೇರೆಯದೇ ಸಂಘ ಇದೆ.

ಇನ್ನೂ ಚಿಕ್ಕ ಮಕ್ಕಳ ಅಪ್ಪ-ಅಮ್ಮಂದಿರಿಗೆ ಒಂದು ಮಾತು. ಹದಿನಾಲ್ಕರ ಒಳಗಿನ ಮಕ್ಕಳು ಶೋಗಳಲ್ಲಿ ಭಾಗವಹಿಸುವುದಕ್ಕೆ 2017ರಿಂದ ನಿಯಮ ಇದೆ. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಮಾಡಿಸುವಂತಿಲ್ಲ, ಮೂರು ಗಂಟೆಗೊಮ್ಮೆ ಬಿಡುವು ಕೊಡಬೇಕು. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇಕಡಾ 20ನ್ನು ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಇಡಬೇಕು. ಇದನ್ನು ಹೇಳಿದಾಗ ಸಭೆಯಲ್ಲಿ ಇಬ್ಬರು ಅಪ್ಪಂದಿರು ಮುಖ ಮುಖ ನೋಡಿಕೊಂಡರು.

ಒಬ್ಬರು ಹಿರಿಯರು ಕೇಳಿದರು, "ಬೇಗ ಗೆಲ್ಲದಿದ್ದರೆ ಏನಾಗತ್ತೆ, ಎಲ್ಲ ಮುಗೀತಾ?" ಇಲ್ಲ ಸರ್. ರಘು ದೀಕ್ಷಿತ್ ಅವರನ್ನೇ ನೋಡಿ. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಮೈಕ್ರೋಬಯಾಲಜಿ ಓದಿದವರು. ಮೊದಲ ಆಲ್ಬಮ್ ಬಂದದ್ದು 2008ರಲ್ಲಿ, ವಯಸ್ಸು ಮೂವತ್ತು ದಾಟಿದ ಮೇಲೆ. ಬೇಗ ಗೆಲ್ಲುವುದಕ್ಕೂ ತುಂಬಾ ದಿನ ಹಾಡಿಕೊಂಡಿರುವುದಕ್ಕೂ ಅಂಥ ಸಂಬಂಧ ಇದ್ದ ಹಾಗೆ ನನಗೆ ಕಾಣುವುದಿಲ್ಲ.

ಜಾನಿಸ್ ಅವರ ಮುಂದಿನ ಕಥೆ ಇಷ್ಟು. 2008ರಲ್ಲಿ ಆತ್ಮಕಥೆ ಬರೆದರು, ಆ ಮೊದಲ ದೊಡ್ಡ ಹಾಡು 'ಸೊಸೈಟೀಸ್ ಚೈಲ್ಡ್' ಹೆಸರನ್ನೇ ಅದಕ್ಕೂ ಇಟ್ಟರು. ಅದನ್ನು ತಾವೇ ಓದಿ ರೆಕಾರ್ಡ್ ಮಾಡಿದ್ದಕ್ಕೆ 2013ರಲ್ಲಿ ಗ್ರ್ಯಾಮಿ ಬಂತು. ಆ ವಿಭಾಗದಲ್ಲಿ ಎದುರಿಗಿದ್ದವರಲ್ಲಿ ಬಿಲ್ ಕ್ಲಿಂಟನ್, ಮಿಶೆಲ್ ಒಬಾಮ ಇದ್ದರು. ಅವರ ಅಮ್ಮ ಪರ್ಲ್ ವಯಸ್ಸಾದ ಮೇಲೆ ಕಾಲೇಜಿಗೆ ಸೇರಿ ಓದಿದವರು. ಅವರ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಮಾಡಿ, ಓದು ಬಿಟ್ಟು ಮತ್ತೆ ಕಾಲೇಜಿಗೆ ಬರುವವರಿಗೆ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದ್ದಾರೆ. ಸ್ವತಃ ಸ್ಕೂಲು ಅರ್ಧಕ್ಕೆ ಬಿಟ್ಟವರು, ಅಲ್ವಾ. 2022ರಲ್ಲಿ ಕೊನೆಯ ಸ್ಟುಡಿಯೊ ಆಲ್ಬಮ್ ಅಂತ ಹೇಳಿಯೇ ಒಂದು ಆಲ್ಬಮ್ ಬಿಟ್ಟರು, ವಿದಾಯದ ಪ್ರವಾಸಕ್ಕೆ ಹೊರಟರು. ಮಧ್ಯದಲ್ಲಿ ಧ್ವನಿತಂತುಗಳಲ್ಲಿ ಗಾಯದ ಕಲೆ ಉಳಿದು ಹಾಡಲು ಆಗದೆ ಪ್ರವಾಸ ರದ್ದಾಯಿತು. ಕಾಗದಪತ್ರ, ಹಸ್ತಪ್ರತಿಗಳನ್ನು ಕೆಂಟುಕಿಯ ಬೆರಿಯಾ ಕಾಲೇಜಿಗೆ ಕೊಟ್ಟಿದ್ದಾರೆ.

ಎಲ್ಲಿಂದ ಶುರು ಮಾಡಲಿ ಅಂತ ಮಕ್ಕಳು ಕೇಳಿದ್ದಕ್ಕೆ ಹೇಳಿದ್ದನ್ನು ಇಲ್ಲೂ ಬರೆಯುತ್ತೇನೆ. ಮೊದಲು 1975ರ 'ಬಿಟ್ವೀನ್ ದಿ ಲೈನ್ಸ್', ಪೂರ್ತಿ ಆಲ್ಬಮ್, ಕ್ರಮ ತಪ್ಪಿಸದೆ. ಆಮೇಲೆ 'ಜೆಸ್ಸಿ', ರಾಬರ್ಟಾ ಫ್ಲ್ಯಾಕ್ ಹಾಡಿದ್ದು ಮತ್ತು ಜಾನಿಸ್ ಹಾಡಿದ್ದು ಒಂದರ ಹಿಂದೆ ಒಂದು. 'ಸೊಸೈಟೀಸ್ ಚೈಲ್ಡ್' ಕೊನೆಗೆ ಕೇಳಿ. ಅದರ ಕೊನೆಯಲ್ಲಿ ಆರ್ಗನ್ ತಟ್ಟನೆ ತಿರುಗುವ ಒಂದು ಜಾಗ ಇದೆ. ಇಯರ್‌ಫೋನ್ ಹಾಕಿಕೊಂಡು, ಮನೆಯಲ್ಲಿ ಕೂತು ಕೇಳಿ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬೇಡ.